ಹರ್ತಾ ಏರ್ಟನ್ ಮತ್ತು ರಾಯಲ್ ಸೊಸೈಟಿಯ ಸ್ವಯಮಾಡಳಿತ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ವಿಜ್ಞಾನ ಸಂಸ್ಥೆಗಳು ಸರ್ಕಾರದ ಇಲಾಖೆಗಳಾಗಿರಲಿಲ್ಲ. ತಮ್ಮ ಸದಸ್ಯರನ್ನು ತಾವೇ ಆರಿಸಿಕೊಂಡು, ತಮ್ಮ ನಿಯಮಗಳನ್ನು ತಾವೇ ರಚಿಸಿಕೊಂಡು, ತಮ್ಮ ವಿವಾದಗಳನ್ನು ತಾವೇ ಬಗೆಹರಿಸಿಕೊಳ್ಳುತ್ತಿದ್ದ ವಿದ್ವತ್ ಸಂಸ್ಥೆಗಳು ಅವು. ಲಂಡನ್ನಿನ ರಾಯಲ್ ಸೊಸೈಟಿ ಇವುಗಳಲ್ಲಿ ಅತ್ಯಂತ ಪ್ರತಿಷ್ಠಿತವಾದುದು. ಯಾವ ಸಂಶೋಧನೆ ಅರ್ಹವಾದುದು, ಯಾರು ವಿಜ್ಞಾನಿ ಎಂಬ ಪ್ರಶ್ನೆಗಳಿಗೆ ಅದರ ನಿರ್ಣಯವನ್ನೇ ವಿದ್ವತ್ ಲೋಕವು ಬಹುಮಟ್ಟಿಗೆ ಅಂತಿಮವೆಂದು ಮನ್ನಿಸುತ್ತಿತ್ತು. ಏಳನೆಯ ಎಡ್ವರ್ಡನ ಆಳ್ವಿಕೆಯ ಕಾಲದಲ್ಲಿ, ಅಂದರೆ 1901ರಿಂದ 1910ರವರೆಗಿನ ಅವಧಿಯಲ್ಲಿ, ಈ ಎರಡು ಪ್ರಶ್ನೆಗಳಿಗೆ ಒಬ್ಬರೇ ವ್ಯಕ್ತಿಯ ವಿಷಯದಲ್ಲಿ ಸೊಸೈಟಿಯು ಎರಡು ಬೇರೆ ಬೇರೆ ಉತ್ತರಗಳನ್ನು ನೀಡಿತು. ಆ ವ್ಯಕ್ತಿ ಹರ್ತಾ ಏರ್ಟನ್. ಅವರ ಪ್ರಬಂಧವನ್ನು ಸೊಸೈಟಿ ಸ್ವೀಕರಿಸಿತು. ಅವರಿಗೆ ಪದಕವನ್ನೂ ನೀಡಿತು. ಆದರೆ ಸದಸ್ಯತ್ವವನ್ನು ಮಾತ್ರ ನಿರಾಕರಿಸಿತು. ಈ ವೈರುಧ್ಯವು ಕೆಲವರ ಪೂರ್ವಗ್ರಹದ ಫಲ ಮಾತ್ರವಲ್ಲ, ಸಂಸ್ಥೆಯ ಆಡಳಿತ ರಚನೆಯಲ್ಲಿಯೇ ಅಡಗಿದ್ದ ವೈರುಧ್ಯ ಎಂಬುದು ಅವರ ಜೀವನವನ್ನು ಪರಿಶೀಲಿಸಿದಾಗ ಸ್ಪಷ್ಟವಾಗುತ್ತದೆ.

ಬಾಲ್ಯ ಮತ್ತು ಶಿಕ್ಷಣ

ಹರ್ತಾ ಏರ್ಟನ್ ಅವರ ಹುಟ್ಟುಹೆಸರು ಫೀಬಿ ಸಾರಾ ಮಾರ್ಕ್ಸ್. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್‌ಸೀ ಎಂಬಲ್ಲಿ 1854ರ ಏಪ್ರಿಲ್ 28ರಂದು ಅವರು ಜನಿಸಿದರು. ತಂದೆ ಲೆವಿ ಮಾರ್ಕ್ಸ್ ಪೋಲೆಂಡಿನಿಂದ ವಲಸೆ ಬಂದ ಯೆಹೂದಿ. ವೃತ್ತಿಯಿಂದ ಗಡಿಯಾರ ತಯಾರಕ. 1861ರಲ್ಲಿ ತಂದೆ ತೀರಿಕೊಂಡಾಗ ಮನೆಯಲ್ಲಿ ಏಳು ಮಕ್ಕಳಿದ್ದರು. ಎಂಟನೆಯ ಮಗು ಇನ್ನೂ ತಾಯಿಯ ಗರ್ಭದಲ್ಲಿತ್ತು. ತಾಯಿ ಆಲಿಸ್ ಹೊಲಿಗೆಯ ಕೆಲಸದಿಂದ ಸಂಸಾರವನ್ನು ನಡೆಸಿದರು. ತಮ್ಮಂದಿರನ್ನು ನೋಡಿಕೊಳ್ಳುವ ಹೊಣೆ ಎಳೆಯ ಸಾರಾಳ ಮೇಲೆ ಬಿದ್ದಿತು. ಒಂಬತ್ತನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಶಾಲೆಯೊಂದನ್ನು ನಡೆಸುತ್ತಿದ್ದ ಚಿಕ್ಕಮ್ಮನ ಮನೆಗೆ ಅವರನ್ನು ಕಳುಹಿಸಲಾಯಿತು. ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಂತ ಹೆಚ್ಚಿನ ಶಿಕ್ಷಣ ಬೇಕೆಂಬುದು ಆ ತಾಯಿಯ ನಿಲುವಾಗಿತ್ತು. ಬಡತನದ ನಡುವೆಯೂ ಮಗಳನ್ನು ದೂರ ಕಳುಹಿಸಲು ಅವರು ಒಪ್ಪಿದ್ದು ಈ ಕಾರಣದಿಂದ. ಹದಿನಾರನೆಯ ವಯಸ್ಸಿಗೆ ಸಾರಾ ಶ್ರೀಮಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ, ಗಳಿಸಿದ ಹಣದಲ್ಲಿ ತಾಯಿಗೆ ನೆರವಾಗುತ್ತಿದ್ದರು. ಸ್ವಿನ್‌ಬರ್ನ್ ಕವಿಯ ಕವಿತೆಯೊಂದರ ಶೀರ್ಷಿಕೆಯಿಂದ ಗೆಳತಿಯೊಬ್ಬರು ಆಯ್ದುಕೊಟ್ಟ ಹರ್ತಾ ಎಂಬ ಹೆಸರನ್ನು ಅವರು ಈ ಯೌವನದ ದಿನಗಳಲ್ಲಿಯೇ ತಮ್ಮದಾಗಿಸಿಕೊಂಡರು.

ಹರ್ತಾ ಅವರ ಜೀವನದ ದಿಕ್ಕನ್ನು ಬದಲಿಸಿದವರು ಬಾರ್ಬರಾ ಬೋದಿಷೋನ್. ಸ್ತ್ರೀಯರ ಹಕ್ಕುಗಳಿಗಾಗಿ ದುಡಿದ ಈ ಮಹಿಳೆ ಕೇಂಬ್ರಿಜ್‌ನ ಗರ್ಟನ್ ಕಾಲೇಜಿನ ಸ್ಥಾಪಕರಲ್ಲಿ ಒಬ್ಬರು. ಅವರ ಹಾಗೂ ಕಾದಂಬರಿಕಾರ್ತಿ ಜಾರ್ಜ್ ಎಲಿಯಟ್ ಅವರ ಬೆಂಬಲದಿಂದ 1870ರ ದಶಕದ ಉತ್ತರಾರ್ಧದಲ್ಲಿ ಹರ್ತಾ ಗರ್ಟನ್ ಕಾಲೇಜನ್ನು ಸೇರಿ ಗಣಿತವನ್ನು ಅಭ್ಯಸಿಸಿದರು. ವಿದ್ಯಾರ್ಥಿನಿಯಾಗಿದ್ದಾಗಲೇ ನಾಡಿಮಿಡಿತವನ್ನು ದಾಖಲಿಸುವ ಉಪಕರಣವೊಂದನ್ನು ರೂಪಿಸಿದರು. ಕಾಲೇಜಿನಲ್ಲಿ ಅಗ್ನಿಶಾಮಕ ದಳವೊಂದನ್ನೂ ಕಟ್ಟಿದರು. ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಉತ್ತೀರ್ಣರಾದರೂ ಅವರಿಗೆ ಪದವಿ ದೊರೆಯಲಿಲ್ಲ. ಪರೀಕ್ಷೆ ಬರೆಯಲು ಅವಕಾಶ, ಪದವಿ ಪಡೆಯಲು ನಿರ್ಬಂಧ ಎಂಬುದು ಸ್ತ್ರೀಯರ ವಿಷಯದಲ್ಲಿ ಆಗಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ನಿಯಮವಾಗಿತ್ತು. ಆ ನಿಯಮ ಬದಲಾದದ್ದು 1948ರಲ್ಲಿ. ಮುಂದೆ ರಾಯಲ್ ಸೊಸೈಟಿಯಲ್ಲಿ ಎದುರಾಗಲಿದ್ದ ಸನ್ನಿವೇಶದ ಮೊದಲ ರೂಪವನ್ನು ಹರ್ತಾ ಇಲ್ಲಿಯೇ ಕಂಡರು.

ವಿದ್ಯುತ್ ಚಾಪದ ಅಧ್ಯಯನ

ಶಿಕ್ಷಣದ ನಂತರ ಗಣಿತವನ್ನು ಬೋಧಿಸುತ್ತಲೇ ಹರ್ತಾ, ರೇಖೆಯೊಂದನ್ನು ಎಷ್ಟು ಸಮಭಾಗಗಳಾಗಿ ಬೇಕಾದರೂ ವಿಭಜಿಸಬಲ್ಲ ಉಪಕರಣವನ್ನು ರಚಿಸಿ 1884ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅದೇ ವರ್ಷ ಫಿನ್ಸ್‌ಬರಿ ತಾಂತ್ರಿಕ ಕಾಲೇಜಿನ ಸಂಜೆಯ ತರಗತಿಗಳಿಗೆ ಸೇರಿದರು. ಅಲ್ಲಿ ಬೋಧಿಸುತ್ತಿದ್ದವರು ವಿದ್ಯುತ್ ವಿಜ್ಞಾನಿ ವಿಲಿಯಂ ಏರ್ಟನ್. ರಾಯಲ್ ಸೊಸೈಟಿಯ ಫೆಲೋ ಆಗಿದ್ದ ಅವರನ್ನು 1885ರಲ್ಲಿ ಹರ್ತಾ ವಿವಾಹವಾದರು. ಮರುವರ್ಷ ಹುಟ್ಟಿದ ಮಗಳಿಗೆ ಬೋದಿಷೋನ್ ಅವರ ಗೌರವಾರ್ಥ ಬಾರ್ಬರಾ ಎಂಬ ಹೆಸರನ್ನಿಟ್ಟರು. 1891ರಲ್ಲಿ ನಿಧನರಾದ ಬೋದಿಷೋನ್ ಅವರಿಂದ ದೊರೆತ ಹಣ ಮನೆವಾರ್ತೆಯ ಹೊರೆಯನ್ನು ಇಳಿಸಿಕೊಂಡು ಪ್ರಯೋಗಗಳಿಗೆ ಮರಳಲು ನೆರವಾಯಿತು.

ಆ ಕಾಲದಲ್ಲಿ ಬೀದಿಗಳನ್ನೂ ದೊಡ್ಡ ಸಭಾಂಗಣಗಳನ್ನೂ ಬೆಳಗುತ್ತಿದ್ದುದು ಆರ್ಕ್ ದೀಪ. ಎರಡು ಇಂಗಾಲದ ಕಡ್ಡಿಗಳ ನಡುವಿನ ಅಂತರದಲ್ಲಿ ವಿದ್ಯುತ್ ಚಾಪವನ್ನು ಉಂಟುಮಾಡಿ ಬೆಳಕನ್ನು ಪಡೆಯುವ ಈ ದೀಪ ಆಗಾಗ ಮಿನುಗುತ್ತಿತ್ತು. ಬುಸುಗುಟ್ಟುವ ಸದ್ದು ಮಾಡುತ್ತಿತ್ತು. 1893ರಲ್ಲಿ ವಿಲಿಯಂ ಏರ್ಟನ್ ಚಿಕಾಗೋದ ಸಮ್ಮೇಳನಕ್ಕೆ ತೆರಳಿದಾಗ ಚಾಪವನ್ನು ಕುರಿತ ಪ್ರಯೋಗಗಳ ಹೊಣೆಯನ್ನು ಹರ್ತಾ ವಹಿಸಿಕೊಂಡರು. ಕ್ರಮೇಣ ಅದು ಅವರದೇ ಸಂಶೋಧನ ಕ್ಷೇತ್ರವಾಯಿತು. ಚಾಪದ ಉದ್ದ, ವಿದ್ಯುತ್ ಒತ್ತಡ ಮತ್ತು ಪ್ರವಾಹಗಳ ನಡುವಿನ ಸಂಬಂಧವನ್ನು ಅವರು ಸಮೀಕರಣವೊಂದರ ರೂಪದಲ್ಲಿ ನಿರೂಪಿಸಿದರು. ಧನ ಇಂಗಾಲದ ತುದಿಯಲ್ಲಿ ಉಂಟಾಗುವ ಕುಳಿಯನ್ನು ಗಾಳಿಯ ಆಮ್ಲಜನಕ ಮುಟ್ಟುವುದೇ ಸದ್ದಿಗೆ ಕಾರಣವೆಂಬುದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟರು. ಈ ವಿಷಯದ ಪ್ರಬಂಧವನ್ನು 1899ರಲ್ಲಿ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಸಭೆಯಲ್ಲಿ ಅವರೇ ಓದಿದರು. ಆ ಸಂಸ್ಥೆಯಲ್ಲಿ ಸ್ತ್ರೀಯೊಬ್ಬರು ಸ್ವತಃ ಪ್ರಬಂಧ ಮಂಡಿಸಿದ್ದು ಅದೇ ಮೊದಲು. ಅದೇ ವರ್ಷ ಅವರು ಅದರ ಪ್ರಥಮ ಮಹಿಳಾ ಸದಸ್ಯರಾಗಿ ಚುನಾಯಿತರಾದರು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ವಿದ್ಯುತ್ ಎಂಜಿನಿಯರುಗಳ ಸಂಸ್ಥೆ ಆಗ ಕಂಪೆನಿ ಕಾಯಿದೆಯಡಿ 1883ರಲ್ಲಿ ನೋಂದಣಿಯಾಗಿದ್ದ ಸಂಸ್ಥೆ. ಅದಕ್ಕೆ ರಾಜಸನ್ನದು ದೊರೆತದ್ದು 1921ರಲ್ಲಿ. ಹಳೆಯ ಸನ್ನದಿನ ಭಾಷೆಯನ್ನು ಅರ್ಥೈಸಬೇಕಾದ ಪ್ರಮೇಯ ಅದಕ್ಕಿರಲಿಲ್ಲ. ರಾಯಲ್ ಸೊಸೈಟಿಯ ಸ್ಥಿತಿ ಇದಕ್ಕಿಂತ ಭಿನ್ನವಾಗಿತ್ತು.

ಸೊಸೈಟಿಯ ಆಡಳಿತ ರಚನೆ

ಬರ್ಲಿಂಗ್ಟನ್ ಹೌಸ್‌ನಲ್ಲಿ ನೆಲೆಸಿದ್ದ ರಾಯಲ್ ಸೊಸೈಟಿಯ ಅಧಿಕಾರದ ಮೂಲ ಎರಡನೆಯ ಚಾರ್ಲ್ಸ್ ದೊರೆ 1662 ಮತ್ತು 1663ರಲ್ಲಿ ನೀಡಿದ ಸನ್ನದುಗಳು. ಅವುಗಳ ಪ್ರಕಾರ ಇಪ್ಪತ್ತೊಂದು ಜನರ ಆಡಳಿತ ಮಂಡಳಿಯು ಸಂಸ್ಥೆಯ ವ್ಯವಹಾರವನ್ನು ನಡೆಸುತ್ತಿತ್ತು. ಅಧ್ಯಕ್ಷ, ಖಜಾಂಚಿ ಮತ್ತು ಕಾರ್ಯದರ್ಶಿಗಳು ಇದರ ಪದಾಧಿಕಾರಿಗಳು. ಪ್ರತಿವರ್ಷ ನವೆಂಬರ್ 30ರ ವಾರ್ಷಿಕ ಸಭೆಯಲ್ಲಿ ಮಂಡಳಿಯ ಹತ್ತು ಸದಸ್ಯರು ನಿವೃತ್ತರಾಗಿ, ಹೊಸಬರು ಅವರ ಸ್ಥಾನಕ್ಕೆ ಬರುತ್ತಿದ್ದರು. ಸನ್ನದಿಗೆ ವಿರುದ್ಧವಾಗದಂತೆ ಉಪನಿಯಮಗಳನ್ನು ರಚಿಸುವ ಅಧಿಕಾರ ಈ ಮಂಡಳಿಗಿತ್ತು.

ಸದಸ್ಯರ ಆಯ್ಕೆಯ ಕ್ರಮವನ್ನು 1847ರ ಸುಧಾರಣೆ ನಿಗದಿಪಡಿಸಿತ್ತು. ಅದಕ್ಕೆ ಮೊದಲು ಹಣವಂತರೂ ಕುಲೀನರೂ ವಿಜ್ಞಾನದ ಪರಿಚಯವಿಲ್ಲದೆಯೇ ಸುಲಭವಾಗಿ ಸದಸ್ಯರಾಗುತ್ತಿದ್ದರು. ಈ ಸುಧಾರಣೆಯ ತರುವಾಯ ವರ್ಷಕ್ಕೆ ಹದಿನೈದು ಜನ ವಿಜ್ಞಾನಿಗಳಿಗೆ ಮಾತ್ರ ಪ್ರವೇಶ ಎಂಬ ಮಿತಿ ಏರ್ಪಟ್ಟಿತು. ಅಭ್ಯರ್ಥಿಯ ಸಾಧನೆಗಳನ್ನು ವಿವರಿಸುವ ನಾಮಸೂಚನಾ ಪತ್ರಕ್ಕೆ ಫೆಲೋಗಳು ಸಹಿ ಹಾಕಬೇಕು. ಮಂಡಳಿಯು ಬಂದ ಪತ್ರಗಳಿಂದ ಹದಿನೈದು ಹೆಸರುಗಳನ್ನು ಆರಿಸಿ ಶಿಫಾರಸು ಮಾಡಬೇಕು. ಜೂನ್ ತಿಂಗಳಲ್ಲಿ ಫೆಲೋಗಳು ಮತ ನೀಡಬೇಕು. ಹುಟ್ಟು ಮತ್ತು ಹಣದ ಬದಲು ಸಾಧನೆಯೇ ಅರ್ಹತೆ ಎಂಬುದು ಈ ಕ್ರಮದ ತಾತ್ತ್ವಿಕ ಆಧಾರ.

ಸದಸ್ಯತ್ವಕ್ಕೆ ಸಂಬಂಧಿಸದ ಕಾರ್ಯಗಳಿಗೆ ಬೇರೆ ನಿಯಮಗಳಿದ್ದವು. ಫೆಲೋ ಅಲ್ಲದವರ ಪ್ರಬಂಧವನ್ನು ಫೆಲೋ ಒಬ್ಬರ ಮೂಲಕ ಸಲ್ಲಿಸಬಹುದಾಗಿತ್ತು. ಪದಕಗಳನ್ನು ಆಯಾ ದತ್ತಿಯ ನಿಬಂಧನೆಗಳಿಗೆ ಅನುಗುಣವಾಗಿ ಮಂಡಳಿ ನೀಡುತ್ತಿತ್ತು. ಹೀಗೆ ಪ್ರಬಂಧ, ಪದಕ, ಸದಸ್ಯತ್ವ ಎಂಬ ಮೂರು ಬಾಗಿಲುಗಳಿಗೆ ಮೂರು ಬೇರೆ ಬೇರೆ ಕೀಲಿಗಳಿದ್ದವು. ಸ್ತ್ರೀಯರ ಮಟ್ಟಿಗೆ ಇದರ ಪರಿಣಾಮ ವಿಚಿತ್ರವಾಗಿತ್ತು. ಮೇರಿ ಸಾಮರ್ವಿಲ್ ಅವರ ಅಮೃತಶಿಲೆಯ ಪ್ರತಿಮೆಯನ್ನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಸೊಸೈಟಿ ಮಾಡಿಸಿತ್ತು; ಆದರೆ ಸಾಮರ್ವಿಲ್ ಅದರ ಫೆಲೋ ಆಗಿರಲಿಲ್ಲ. 1826ರಲ್ಲಿ ಅವರ ಪ್ರಬಂಧವನ್ನು ಸೊಸೈಟಿಗೆ ಒಪ್ಪಿಸಿದವರು ಫೆಲೋ ಆಗಿದ್ದ ಅವರ ಪತಿ.

1902ರ ನಿರ್ಣಯ

1899ರ ಜೂನ್‌ನಲ್ಲಿ ಸೊಸೈಟಿಯ ಸಂತೋಷಕೂಟವೊಂದರಲ್ಲಿ ಹರ್ತಾ ತಮ್ಮ ಪ್ರಯೋಗಗಳನ್ನು ಅತಿಥಿಗಳೆದುರು ಪ್ರದರ್ಶಿಸಿದ್ದರು. 1901ರಲ್ಲಿ ಚಾಪದ ಕಾರ್ಯವಿಧಾನವನ್ನು ಕುರಿತ ಅವರ ಪ್ರಬಂಧವನ್ನು ಸೊಸೈಟಿಯಲ್ಲಿ ಓದಿದವರು ವಿಲಿಯಂ ಏರ್ಟನ್ನರ ಬಹುಕಾಲದ ಸಹೋದ್ಯೋಗಿ ಜಾನ್ ಪೆರಿ. 1902ರಲ್ಲಿ ಹರ್ತಾ ಅವರ ವಿದ್ಯುತ್ ಚಾಪವನ್ನು ಕುರಿತ ಬೃಹತ್ ಗ್ರಂಥ ಪ್ರಕಟವಾಗಿ ಆ ಕ್ಷೇತ್ರದ ಪ್ರಮಾಣಗ್ರಂಥವೆನಿಸಿತು. ಅದೇ ವರ್ಷ ಪೆರಿ ಮುಂತಾದ ಫೆಲೋಗಳು ಸಹಿ ಮಾಡಿದ ನಾಮಸೂಚನಾ ಪತ್ರವು ಹರ್ತಾ ಅವರ ಹೆಸರಿನಲ್ಲಿ ಮಂಡಳಿಯ ಮುಂದೆ ಬಂದಿತು. ಸ್ತ್ರೀಯೊಬ್ಬರ ಹೆಸರು ಸೊಸೈಟಿಯ ಸದಸ್ಯತ್ವಕ್ಕೆ ಸೂಚಿತವಾದದ್ದು ಅದೇ ಪ್ರಥಮ.

ಆಗ ಅಧ್ಯಕ್ಷರಾಗಿದ್ದವರು ಖಗೋಳವಿಜ್ಞಾನಿ ವಿಲಿಯಂ ಹಗಿನ್ಸ್. ನಕ್ಷತ್ರಗಳ ರೋಹಿತವನ್ನು ಕುರಿತ ಅವರ ಸಂಶೋಧನೆಯಲ್ಲಿ ಪತ್ನಿ ಮಾರ್ಗರೆಟ್ ಹಗಿನ್ಸ್ ಸಮಭಾಗಿಯಾಗಿದ್ದರು. ಆದರೂ ಸ್ತ್ರೀಯರ ಸದಸ್ಯತ್ವಕ್ಕೆ ಅಧ್ಯಕ್ಷರ ಸಮ್ಮತಿಯಿರಲಿಲ್ಲ. ಮಂಡಳಿಯು ಹರ್ತಾ ಅವರ ಸಾಧನೆಯ ಮೌಲ್ಯಮಾಪನಕ್ಕೆ ಕೈಹಾಕಲಿಲ್ಲ; ಬದಲಿಗೆ ಕಾನೂನು ತಜ್ಞರ ಅಭಿಪ್ರಾಯವನ್ನು ಕೋರಿತು. ಸನ್ನದಿನ ಪ್ರಕಾರ ವಿವಾಹಿತ ಸ್ತ್ರೀ ಫೆಲೋ ಆಗಲು ಅರ್ಹಳಲ್ಲ, ಅವಿವಾಹಿತೆಯ ಅರ್ಹತೆಯೂ ಸಂದೇಹಾಸ್ಪದ ಎಂದು ನ್ಯಾಯವಾದಿಗಳು ತಿಳಿಸಿದರು. ವಿವಾಹದೊಡನೆ ಪತ್ನಿಯ ಕಾನೂನಾತ್ಮಕ ವ್ಯಕ್ತಿತ್ವವು ಪತಿಯ ವ್ಯಕ್ತಿತ್ವದಲ್ಲಿ ಲೀನವಾಗುತ್ತದೆ ಎಂಬ ಪ್ರಾಚೀನ ಆಂಗ್ಲ ಸಿದ್ಧಾಂತ ಇದರ ಹಿನ್ನೆಲೆಯಲ್ಲಿತ್ತು. 1882ರ ಕಾಯಿದೆಯು ವಿವಾಹಿತ ಸ್ತ್ರೀಗೆ ಸ್ವಂತ ಆಸ್ತಿಯ ಹಕ್ಕನ್ನು ನೀಡಿ ಇಪ್ಪತ್ತು ವರ್ಷಗಳಾಗಿದ್ದರೂ ಸದಸ್ಯತ್ವದಂತಹ ವಿಷಯಗಳಲ್ಲಿ ಆ ಸಿದ್ಧಾಂತದ ನೆರಳು ಇನ್ನೂ ಉಳಿದಿತ್ತು. ಮಂಡಳಿ ಈ ಅಭಿಪ್ರಾಯವನ್ನು ಅಂಗೀಕರಿಸಿ ನಾಮಸೂಚನೆಯನ್ನು ಕೈಬಿಟ್ಟಿತು.

ಈ ನಿರ್ಣಯದ ಸ್ವರೂಪ ವಿಚಾರಾರ್ಹವಾದುದು. ಹರ್ತಾ ಅವರ ಸಂಶೋಧನೆ ಸಾಲದೆಂದು ಮಂಡಳಿ ಹೇಳಲಿಲ್ಲ. ಫೆಲೋಗಳ ಮತಕ್ಕೂ ವಿಷಯ ಹೋಗಲಿಲ್ಲ. ಸಾಧನೆಯನ್ನು ಅಳೆಯುವುದಕ್ಕೆಂದೇ 1847ರಲ್ಲಿ ರೂಪುಗೊಂಡ ಕ್ರಮವು ಸಾಧನೆಯ ಪ್ರಶ್ನೆ ಏಳುವ ಮೊದಲೇ ಸ್ಥಗಿತವಾಯಿತು. ಸನ್ನದು ಸ್ತ್ರೀಯರನ್ನು ಸ್ಪಷ್ಟವಾಗಿ ನಿಷೇಧಿಸಿರಲಿಲ್ಲ ಎಂಬುದೂ ಗಮನಾರ್ಹ. ಅದು ಪುಲ್ಲಿಂಗದ ಪದಗಳಲ್ಲಿ ರಚಿತವಾಗಿತ್ತು, ಅಷ್ಟೆ. ಬರೆದವರ ಕಲ್ಪನೆಗೆ ಬಾರದ ಸಾಧ್ಯತೆಯನ್ನು ಎರಡೂವರೆ ಶತಮಾನಗಳ ತರುವಾಯ ನಿಷೇಧವೆಂದು ಅರ್ಥೈಸಲಾಯಿತು.

ಇತರ ಸಂಸ್ಥೆಗಳ ಮಾರ್ಗ

ರಾಯಲ್ ಸೊಸೈಟಿಗೆ ಬೇರೆ ದಾರಿಯಿರಲಿಲ್ಲವೆ ಎಂಬ ಪ್ರಶ್ನೆಗೆ ಸಮಕಾಲೀನ ಸಂಸ್ಥೆಗಳ ಇತಿಹಾಸ ಉತ್ತರ ಕೊಡುತ್ತದೆ. ಜೀವವಿಜ್ಞಾನಕ್ಕೆ ಮೀಸಲಾದ ಲಿನಿಯನ್ ಸೊಸೈಟಿಯ ಸನ್ನದಿನಲ್ಲಿಯೂ ಇಂತಹುದೇ ತೊಡಕಿತ್ತು. ಮೇರಿಯನ್ ಫಾರ್ಕರ್ಸನ್ ಎಂಬ ಸಸ್ಯವಿಜ್ಞಾನಿ 1900ರಿಂದ ಸಲ್ಲಿಸಿದ ಮನವಿಗಳ ಪರಿಣಾಮವಾಗಿ ಆ ಸಂಸ್ಥೆ 1904ರಲ್ಲಿ ಪೂರಕ ಸನ್ನದನ್ನು ಪಡೆದು, ವರ್ಷಾಂತ್ಯದಲ್ಲಿ ಹದಿನೈದು ಮಹಿಳೆಯರನ್ನು ಚುನಾಯಿಸಿತು. ಹೋರಾಟ ನಡೆಸಿದ ಫಾರ್ಕರ್ಸನ್ ಒಬ್ಬರನ್ನೇ ಆ ಚುನಾವಣೆಯಲ್ಲಿ ತಿರಸ್ಕರಿಸಲಾಯಿತು. ಅವರ ಆಯ್ಕೆ 1908ರವರೆಗೆ ಕಾಯಬೇಕಾಯಿತು. ರಾಯಲ್ ಖಗೋಳ ಸಂಘವು 1903ರಲ್ಲಿ ಆಗ್ನೆಸ್ ಕ್ಲರ್ಕ್ ಮತ್ತು ಮಾರ್ಗರೆಟ್ ಹಗಿನ್ಸ್ ಅವರನ್ನು ಗೌರವ ಸದಸ್ಯರನ್ನಾಗಿ ಮಾಡಿಕೊಂಡು, ಪೂರಕ ಸನ್ನದಿನ ಮೂಲಕ 1916ರಲ್ಲಿ ಮಹಿಳೆಯರಿಗೆ ಪೂರ್ಣ ಸದಸ್ಯತ್ವ ನೀಡಿತು. ಕೆಮಿಕಲ್ ಸೊಸೈಟಿಗೆ 1904ರಲ್ಲಿ ಹತ್ತೊಂಬತ್ತು ಮಹಿಳಾ ರಸಾಯನವಿಜ್ಞಾನಿಗಳು ಮನವಿ ಸಲ್ಲಿಸಿದರು. ಫೆಲೋಗಳಲ್ಲಿ ಬಹುಮತ ಅನುಕೂಲವಾಗಿದ್ದರೂ ಪ್ರಬಲ ಅಲ್ಪಸಂಖ್ಯಾತರ ವಿರೋಧದಿಂದ 1908ರಲ್ಲಿ ಅವರಿಗೆ ಚಂದಾದಾರರೆಂಬ ಕೆಳದರ್ಜೆಯ ಸ್ಥಾನ ಮಾತ್ರ ದೊರೆಯಿತು. ಪೂರ್ಣ ಸದಸ್ಯತ್ವ ಬಂದದ್ದು 1920ರಲ್ಲಿ.

ಈ ಹೋಲಿಕೆಯಿಂದ ಎರಡು ಸಂಗತಿಗಳು ಹೊರಪಡುತ್ತವೆ. ಸನ್ನದಿನ ತೊಡಕು ನಿಜವಾದುದಾದರೂ ಅದನ್ನು ನಿವಾರಿಸುವ ಮಾರ್ಗ ತೆರೆದೇ ಇತ್ತು. ಆ ಮಾರ್ಗವನ್ನು ಹಿಡಿಯುವುದು ಬಿಡುವುದು ಆಡಳಿತ ಮಂಡಳಿಯ ಇಚ್ಛೆಗೆ ಸೇರಿತ್ತು. ಎರಡನೆಯದಾಗಿ, ಸದಸ್ಯರ ಬಹುಮತವೂ ಎಲ್ಲ ಸಂದರ್ಭಗಳಲ್ಲಿ ಸಾಕಾಗುತ್ತಿರಲಿಲ್ಲ. ಸ್ವಯಮಾಡಳಿತವೆಂದರೆ ಹಲವು ವೇಳೆ ಪದಾಧಿಕಾರಿಗಳ ಚಿಕ್ಕ ವಲಯದ ಆಡಳಿತವೇ ಆಗಿತ್ತು.

ಪ್ರಬಂಧವಾಚನ ಮತ್ತು ಹ್ಯೂಸ್ ಪದಕ

ನಾಮಸೂಚನೆ ಬಿದ್ದುಹೋದ ಮೇಲೂ ಹರ್ತಾ ಸಂಶೋಧನೆಯನ್ನು ನಿಲ್ಲಿಸಲಿಲ್ಲ. ಪತಿಯ ಅನಾರೋಗ್ಯದ ನಿಮಿತ್ತ ಮಾರ್ಗೇಟ್‌ನ ಕಡಲತೀರದಲ್ಲಿ ತಂಗಿದ್ದಾಗ, ನೀರು ಇಳಿದ ಮರಳಿನ ಮೇಲೆ ಮೂಡುವ ಸಮಾನಾಂತರ ಏರಿಳಿತಗಳು ಅವರ ಗಮನವನ್ನು ಸೆಳೆದಿದ್ದವು. ಗಾಜಿನ ತೊಟ್ಟಿಗಳಲ್ಲಿ ನೀರು ಮತ್ತು ಮರಳನ್ನಿಟ್ಟು ತೂಗಾಡಿಸಿ, ನೀರಿನ ಸುಳಿಗಳು ಮರಳಿನ ದಿಣ್ಣೆಗಳನ್ನು ಹೇಗೆ ಬೆಳೆಸುತ್ತವೆ ಎಂಬುದನ್ನು ಅವರು ಪರೀಕ್ಷಿಸಿದರು. 1904ರ ಜೂನ್ 16ರಂದು ಈ ಪ್ರಬಂಧವನ್ನು ರಾಯಲ್ ಸೊಸೈಟಿಯ ಸಭೆಯಲ್ಲಿ ಅವರೇ ಓದಿ ಪ್ರಯೋಗಗಳನ್ನು ತೋರಿಸಿದರು. ಸೊಸೈಟಿಯ ಇತಿಹಾಸದಲ್ಲಿ ಮಹಿಳೆಯೊಬ್ಬರು ತಮ್ಮ ಪ್ರಬಂಧವನ್ನು ತಾವೇ ಮಂಡಿಸಿದ್ದು ಅದೇ ಮೊದಲು. ಸನ್ನದು ಈ ಬಗ್ಗೆ ಏನನ್ನೂ ಹೇಳದಿದ್ದುದರಿಂದ ಇದಕ್ಕೆ ಕಾನೂನಿನ ಅಡ್ಡಿ ಬರಲಿಲ್ಲ.

1906ರಲ್ಲಿ ಅವರಿಗೆ ಹ್ಯೂಸ್ ಪದಕ ದೊರೆಯಿತು. ಧ್ವನಿವರ್ಧಕ ತಂತ್ರಕ್ಕೆ ತಳಹದಿಯಾದ ಮೈಕ್ರೋಫೋನಿನ ಶೋಧಕರಲ್ಲಿ ಒಬ್ಬರಾದ ಡೇವಿಡ್ ಹ್ಯೂಸ್ ಅವರ ದತ್ತಿಯಿಂದ 1902ರಲ್ಲಿ ಆರಂಭವಾದ ಈ ಪದಕವನ್ನು ಮೊದಲು ಪಡೆದವರು ಜೆ. ಜೆ. ಥಾಮ್ಸನ್. ಐದನೆಯ ಪದಕ ವಿದ್ಯುತ್ ಚಾಪ ಮತ್ತು ಮರಳಿನ ಅಲೆಗುರುತುಗಳ ಸಂಶೋಧನೆಗಾಗಿ ಹರ್ತಾ ಅವರಿಗೆ ಸಂದಿತು. 1930ರಲ್ಲಿ ಇದೇ ಪದಕವನ್ನು ಪಡೆದ, ಮುಂದೆ ಬೆಂಗಳೂರನ್ನು ತಮ್ಮ ಕಾರ್ಯಕ್ಷೇತ್ರವಾಗಿಸಿಕೊಂಡ ಸಿ. ವಿ. ರಾಮನ್ ಅದಕ್ಕೆ ಆರು ವರ್ಷ ಮೊದಲೇ ಸೊಸೈಟಿಯ ಫೆಲೋ ಆಗಿದ್ದರು. ಹರ್ತಾ ಅವರಿಗಾದರೋ ಪದಕ ಬಂದಿತು, ಫೆಲೋ ಪದವಿ ಬರಲಿಲ್ಲ. ಆ ವೇಳೆಗೆ ಅಧ್ಯಕ್ಷ ಸ್ಥಾನದಿಂದ ನಿವೃತ್ತರಾಗಿದ್ದ ಹಗಿನ್ಸ್ ಕಾರ್ಯದರ್ಶಿ ಜೋಸೆಫ್ ಲಾರ್ಮರ್ ಅವರಿಗೆ ಪತ್ರ ಬರೆದು ಪದಕದ ನಿರ್ಣಯದ ಬಗ್ಗೆ ಅಸಮಾಧಾನವನ್ನು ತೋಡಿಕೊಂಡರು. ನಾಲ್ಕು ವರ್ಷಗಳ ಅಂತರದಲ್ಲಿ ಒಂದೇ ಮಂಡಳಿಯಿಂದ ಹೊರಟ ಈ ಎರಡು ನಿರ್ಣಯಗಳು, ಪ್ರತಿವರ್ಷ ಬದಲಾಗುವ ಸದಸ್ಯರ ಅಭಿಪ್ರಾಯಕ್ಕಿಂತ ಬದಲಾಗದ ಸನ್ನದಿನ ವ್ಯಾಖ್ಯಾನವೇ ಬಲವಾಗಿತ್ತು ಎಂಬುದನ್ನು ತೋರಿಸುತ್ತವೆ.

ಪ್ರಯೋಗಶಾಲೆಯ ಹೊರಗೆ

ಕೃತಿಯ ಗೌರವ ಕರ್ತೃವಿಗೆ ಸಲ್ಲಬೇಕೆಂಬುದು ಹರ್ತಾ ಅವರ ಜೀವನದ ಪ್ರಧಾನ ಕಾಳಜಿಗಳಲ್ಲಿ ಒಂದು. 1903ರಲ್ಲಿ ಲಂಡನ್ನಿಗೆ ಬಂದ ಮೇರಿ ಕ್ಯೂರಿ ಅವರೊಡನೆ ಬೆಳೆದ ಸ್ನೇಹ ಕೊನೆಯವರೆಗೂ ಉಳಿಯಿತು. ರೇಡಿಯಂನ ಶೋಧವನ್ನು ಪಿಯರ್ ಕ್ಯೂರಿ ಒಬ್ಬರಿಗೇ ಸಲ್ಲಿಸುವ ಬರಹಗಳನ್ನು ಕಂಡು 1909ರಲ್ಲಿ ಹರ್ತಾ ಪತ್ರಿಕೆಗೆ ಪತ್ರ ಬರೆದು ತೀವ್ರವಾಗಿ ಆಕ್ಷೇಪಿಸಿದರು. 1911ರ ಆರಂಭದಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿ ಮೇರಿ ಕ್ಯೂರಿಯವರನ್ನು ಚುನಾವಣೆಯಲ್ಲಿ ಸೋಲಿಸಿತು. ಮರುವರ್ಷ, ಕಾಯಿಲೆ ಮತ್ತು ಅಪಪ್ರಚಾರಗಳಿಂದ ನೊಂದಿದ್ದ ಕ್ಯೂರಿ ಇಂಗ್ಲೆಂಡಿನ ಕಡಲತೀರದಲ್ಲಿ ಹರ್ತಾ ಅವರ ಆಶ್ರಯದಲ್ಲಿ ವಿಶ್ರಾಂತಿ ಪಡೆದರು.

1908ರಲ್ಲಿ ವಿಲಿಯಂ ಏರ್ಟನ್ ನಿಧನರಾದರು. ಅನಂತರದ ವರ್ಷಗಳಲ್ಲಿ ಹರ್ತಾ ಮತದಾನದ ಹಕ್ಕಿನ ಹೋರಾಟದಲ್ಲಿ ಮತ್ತಷ್ಟು ತೊಡಗಿದರು. 1910ರ ನವೆಂಬರ್ 18ರಂದು ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಅವರ ನೇತೃತ್ವದಲ್ಲಿ ಪಾರ್ಲಿಮೆಂಟಿಗೆ ತೆರಳಿದ ನಿಯೋಗದಲ್ಲಿ ಅವರಿದ್ದರು. ಆ ದಿನ ಪೊಲೀಸರು ಮಹಿಳೆಯರ ಮೇಲೆ ನಡೆಸಿದ ದೌರ್ಜನ್ಯ ಇತಿಹಾಸದಲ್ಲಿ ಕರಾಳ ಶುಕ್ರವಾರವೆಂದೇ ದಾಖಲಾಗಿದೆ. 1911ರ ಜನಗಣತಿಯಲ್ಲಿ ವಿವರ ನೀಡಲು ಅವರು ನಿರಾಕರಿಸಿದರು. ಮತದಾರರಾಗಿ ಲೆಕ್ಕಕ್ಕೆ ಬಾರದವರು ಪ್ರಜೆಗಳಾಗಿ ಲೆಕ್ಕಕ್ಕೆ ಸಿಗಬಾರದೆಂಬುದು ಆ ಪ್ರತಿಭಟನೆಯ ತಿರುಳು. ಉಪವಾಸ ಮುಷ್ಕರದಿಂದ ಕೃಶರಾಗಿ ಸೆರೆಮನೆಯಿಂದ ಬಿಡುಗಡೆಯಾದ ಹೋರಾಟಗಾರ್ತಿಯರಿಗೆ ಅವರ ಮನೆ ಆರೈಕೆಯ ತಾಣವಾಯಿತು.

ಪ್ರಥಮ ಮಹಾಯುದ್ಧದಲ್ಲಿ, 1915ರ ಏಪ್ರಿಲ್‌ನಲ್ಲಿ ಜರ್ಮನ್ ಸೇನೆ ಈಪ್ರ್ ಬಳಿ ವಿಷಾನಿಲವನ್ನು ಪ್ರಯೋಗಿಸಿದಾಗ, ನೀರಿನ ಸುಳಿಗಳನ್ನು ಕುರಿತ ತಮ್ಮ ಅರಿವನ್ನು ಹರ್ತಾ ಗಾಳಿಗೆ ಅನ್ವಯಿಸಿದರು. ಕ್ಯಾನ್ವಾಸ್ ಬಟ್ಟೆ ಮತ್ತು ಬೆತ್ತದಿಂದ ರಚಿಸಿದ ಅವರ ಬೀಸಣಿಗೆಯು ಕಂದಕಗಳಿಂದ ಅನಿಲವನ್ನು ಹೊರದೂಡುವ ಸರಳ ಸಾಧನ. ಯುದ್ಧ ಇಲಾಖೆ ಮೊದಲು ಉದಾಸೀನ ತೋರಿದರೂ ಬಳಿಕ ಒಂದು ಲಕ್ಷಕ್ಕೂ ಹೆಚ್ಚು ಬೀಸಣಿಗೆಗಳು ರಣರಂಗಕ್ಕೆ ಹೋದವು. ಅವುಗಳ ಪರಿಣಾಮಕಾರಿತ್ವದ ಬಗ್ಗೆ ಸೈನಿಕರಲ್ಲಿ ಭಿನ್ನಾಭಿಪ್ರಾಯಗಳಿದ್ದವು.

ಅಂತಿಮ ವರ್ಷಗಳು ಮತ್ತು ಅನಂತರ

1919ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಅಂಗೀಕರಿಸಿದ ಕಾಯಿದೆಯೊಂದು ಲಿಂಗದ ಅಥವಾ ವಿವಾಹದ ಕಾರಣದಿಂದ ಯಾರನ್ನೂ ಹುದ್ದೆಗಳಿಗೆ, ವೃತ್ತಿಗಳಿಗೆ, ರಾಜಸನ್ನದಿನಿಂದ ಸ್ಥಾಪಿತವಾದ ಸಂಸ್ಥೆಗಳಿಗೆ ಅನರ್ಹರೆಂದು ಪರಿಗಣಿಸಬಾರದೆಂದು ವಿಧಿಸಿತು. 1902ರ ಅಭಿಪ್ರಾಯಕ್ಕಿದ್ದ ಕಾನೂನಿನ ನೆಲೆ ಇದರಿಂದ ಕುಸಿಯಿತು. ಆದರೂ ಸೊಸೈಟಿಯ ಬಾಗಿಲು ತೆರೆಯಲಿಲ್ಲ. ನಿಷೇಧವಾಗಿ ಆರಂಭವಾದದ್ದು ರೂಢಿಯಾಗಿ ಮುಂದುವರಿಯಿತು. 1923ರ ಆಗಸ್ಟ್ 26ರಂದು ಸಸೆಕ್ಸ್‌ನಲ್ಲಿ ಹರ್ತಾ ನಿಧನರಾದಾಗ ಅವರು ಫೆಲೋ ಆಗಿರಲಿಲ್ಲ. ನೇಚರ್ ಪತ್ರಿಕೆಯಲ್ಲಿ ಅವರ ಬಗ್ಗೆ ಮರಣಲೇಖನ ಬರೆದವರು ಹೆನ್ರಿ ಆರ್ಮ್‌ಸ್ಟ್ರಾಂಗ್. ಕೆಮಿಕಲ್ ಸೊಸೈಟಿಯಲ್ಲಿ ಮಹಿಳೆಯರ ಪ್ರವೇಶವನ್ನು ವಿರೋಧಿಸಿದವರಲ್ಲಿ ಅವರು ಪ್ರಮುಖರು. ಹರ್ತಾ ಅವರು ಪತಿಯ ಸುಖಸೌಕರ್ಯಗಳತ್ತ ಗಮನ ಕೊಟ್ಟಿದ್ದರೆ ಪತಿಯಿಂದ ಇನ್ನೂ ಹೆಚ್ಚಿನ ಕೆಲಸ ಆಗಬಹುದಿತ್ತೆಂಬ ಧಾಟಿ ಆ ಲೇಖನದಲ್ಲಿದೆ. 1902ರಲ್ಲಿ ಕಾನೂನಿನ ಭಾಷೆಯಲ್ಲಿ ವ್ಯಕ್ತವಾದ ದೃಷ್ಟಿಯೇ ಇಲ್ಲಿ ಗೃಹಕೃತ್ಯದ ಭಾಷೆಯಲ್ಲಿ ಕಾಣಿಸಿಕೊಂಡಿತು.

1944ರಲ್ಲಿ ಫೆಲೋಗಳು ಭಾರಿ ಬಹುಮತದಿಂದ ಉಪನಿಯಮಗಳ ತಿದ್ದುಪಡಿಯನ್ನು ಸಮ್ಮತಿಸಿದರು. 1945ರಲ್ಲಿ ಸ್ಫಟಿಕವಿಜ್ಞಾನಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಮತ್ತು ಜೀವರಸಾಯನವಿಜ್ಞಾನಿ ಮಾರ್ಜರಿ ಸ್ಟೀಫನ್ಸನ್ ರಾಯಲ್ ಸೊಸೈಟಿಯ ಮೊದಲ ಮಹಿಳಾ ಫೆಲೋಗಳಾಗಿ ಚುನಾಯಿತರಾದರು. ಇವರಲ್ಲಿ ಲಾನ್ಸ್‌ಡೇಲ್ ವಿವಾಹಿತೆ, ಸ್ಟೀಫನ್ಸನ್ ಅವಿವಾಹಿತೆ. ನ್ಯಾಯವಾದಿಗಳು ಎತ್ತಿದ್ದ ಎರಡು ಆಕ್ಷೇಪಗಳಿಗೂ ಉತ್ತರ ದೊರೆಯಲು ನಲವತ್ತಮೂರು ವರ್ಷಗಳು ಬೇಕಾದವು. ಮೂಲ ಸನ್ನದು ಈ ಅವಧಿಯಲ್ಲಿ ಬದಲಾಗಿರಲಿಲ್ಲ. ಬದಲಾದದ್ದು ಅದನ್ನು ಓದುವ ರೀತಿ. ಹ್ಯೂಸ್ ಪದಕವು ಮತ್ತೊಬ್ಬ ಮಹಿಳೆಗೆ ದೊರೆತದ್ದು 2008ರಲ್ಲಿ, ಹರ್ತಾ ಏರ್ಟನ್ ಅದನ್ನು ಪಡೆದ 102 ವರ್ಷಗಳ ಬಳಿಕ.